ಕಸಾಯಿಖಾನೆಯ ಹಿಂದಿನ ಸೊಪ್ಪು

ಕುರಿಯ ಪಿತ್ತಜನಕಾಂಗಕ್ಕೆ ಕಸಾಯಿಖಾನೆಯಲ್ಲಿ ಈಲಿ ಎನ್ನುವರು. ಅದನ್ನು ಅಡ್ಡಡ್ಡ ಒಂದೇ ಸಲ ಸೀಳಿ, ಪಿತ್ತನಾಳವನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಾಕು. ರೋಗವಿದ್ದರೆ ಎಲೆಯಂಥ ಚಪ್ಪಟೆ ಹುಳುಗಳು ಜಾರಿ ಬರುತ್ತಿದ್ದವು. ಹನ್ನೆರಡು ವರ್ಷ ಅಲ್ಲಿ ಅದನ್ನೇ ಮಾಡಿದ ಹೆಂಗಸಿಗೆ ಈಲಿಯಕ್ಕ ಅಂತಲೇ ಹೆಸರಾಗಿತ್ತು. ಹುಳುವಿಗೆ ಹೆದರಿ ಅವಳು ಮನೆಯೊಳಗೆ ಈಲಿಯ ಚೂರನ್ನೂ ಬಿಟ್ಟುಕೊಂಡವಳಲ್ಲ. ಬದಲಿಗೆ ಕಸಾಯಿಖಾನೆಯ ಹಿಂದಿನ ಕಾಲುವೆಯಲ್ಲಿ ಪುಕ್ಕಟೆ ಬೆಳೆದ ಎಳೆ ಸೊಪ್ಪು ಕಿತ್ತು ತರುವಳು. ತಂಗಿಗೆ ಅದು ಹಸಿಯಾಗಿಯೇ ಬೇಕು.

ಆ ತಂಗಿ ಈಗ ಎರಡು ತಿಂಗಳಿಂದ ಬಲಪಕ್ಕೆ ಹಿಡಿದುಕೊಂಡು ಮಲಗಿದ್ದಳು. ಕಣ್ಣು ಹಳದಿ, ಮೈ ಕೆಂಡ. ಆಸ್ಪತ್ರೆಯವರು ಒಮ್ಮೆ ಕಾಮಾಲೆ ಅಂದರು, ಒಮ್ಮೆ ಗ್ಯಾಸ್ ಅಂದರು.

ಕುರಿಗಳನ್ನು ಪರೀಕ್ಷಿಸಲು ಬರುವ ಡಾಕ್ಟರ ಹತ್ತಿರ ಅವಳು ಇದನ್ನೆಲ್ಲ ಹೇಳಿ, ಕಾಲುವೆಯ ಹಸಿ ಸೊಪ್ಪೂ ಈಗ ಸೇರುತ್ತಿಲ್ಲ ಎಂದಾಗ ಅವರು ಬರೆಯುವುದನ್ನು ನಿಲ್ಲಿಸಿದರು.

"ಹಸಿ ಸೊಪ್ಪು ತಿಂತಾಳಾ? ಹಾಗಾದ್ರೆ ಇದು ಕುರಿ ಈಲಿಯ ಹುಳನೇ. ಅದು ಈಲಿ ತಿಂದ್ರೆ ಹತ್ತಲ್ಲಮ್ಮ. ನಾವು ಹಿಕ್ಕೆ ತೊಳೆದು ಬಿಡೋ ನೀರು, ಅಲ್ಲಿರೋ ಬಸವನಹುಳು, ಆಮೇಲೆ ಆ ಸೊಪ್ಪು. ಅದು ಬರೋ ದಾರಿ ಅದೇ."

ಕಿತ್ತು ತಂದವಳು ತಾನೇ. "ಔಷಧಿ?" ಎಂದಳು ಈಲಿಯಕ್ಕ.

"ಕುರಿದು ಡಬ್ಬಗಟ್ಟಲೆ ಇದೆ. ಮನುಷ್ಯರದ್ದನ್ನ ಆಸ್ಪತ್ರೆಯವ್ರು ಹೊರಗಿಂದ ತರಿಸಬೇಕು. ಇಲ್ಲಿನ ನೀರಲ್ಲಿ ಹುಳ ಇದೆ ಅಂತ ನಿಮ್ಮ ಮ್ಯಾನೇಜರ್ ಬರೆದುಕೊಟ್ರೆ ತರಿಸ್ತಾರೆ."

ಮನೆಯಲ್ಲಿ ಹೇಳಿದಾಗ ತಂಗಿ ನಕ್ಕಳು. "ನನ್ನನ್ನ ಕುರಿ ಅಂತ ಬರೆಸಿಬಿಡೇ ಅಕ್ಕ. ಬೇಕಾದ್ರೆ ನಾಲ್ಕು ಕಾಲಲ್ಲೇ ಬರ್ತೀನಿ."

ಮ್ಯಾನೇಜರ್ ಬರೆದುಕೊಡಲಿಲ್ಲ. "ನಿನ್ನ ತಂಗಿಗೋಸ್ಕರ ನಾನು ಬಾಗಿಲು ಮುಚ್ಚಬೇಕಾ? ಸೊಪ್ಪನ್ನ ನಾನೇನು ಅವಳ ಬಾಯಿಗೆ ತುರುಕಿದ್ನಾ?"

ಮರುದಿನ ಈಲಿಯಕ್ಕ ಚಾಕು ಮುಟ್ಟಲಿಲ್ಲ. ಅವಳು ಸೀಳಿ ನೋಡದೆ ಯಾವ ಕುರಿಯೂ ಮುಂದೆ ಹೋಗುವಂತಿರಲಿಲ್ಲ. ಕೊಕ್ಕೆಗಳ ಸಾಲು ನಿಂತಿತು, ಹೊರಗೆ ಲಾರಿ ನಿಂತಿತು, ಮಾಂಸ ಬೆವರತೊಡಗಿತು. ಚರ್ಮ ಸುಲಿಯುವ ಮುದುಕ ಮೊದಲು ಕೈಕಟ್ಟಿದ. "ನಮ್ಮನೇಲೂ ಅದೇ ಸೊಪ್ಪು ಕಣ್ರೋ" ಎಂದ. ಆಮೇಲೆ ಎಲ್ಲರೂ ಕೈಕಟ್ಟಿದರು. ಬಿಸಿಲೇರುವ ಹೊತ್ತಿಗೆ ಮ್ಯಾನೇಜರ್ ಹಲ್ಲು ಕಚ್ಚಿ ಸಹಿ ಹಾಕಿದ. ಹುಡುಗಿ ಉಳಿಯಲಿ ಎಂದಲ್ಲ, ಮಾಂಸ ಕೆಡದಿರಲಿ ಎಂದು.

ಮಾತ್ರೆ ಬಂದದ್ದು ಒಂಬತ್ತನೆಯ ದಿನ. ನಾಳ ಕಟ್ಟಿ, ಕೀವು ರಕ್ತಕ್ಕಿಳಿದು, ತಂಗಿ ಏಳನೆಯ ದಿನವೇ ಹೋಗಿಬಿಟ್ಟಿದ್ದಳು.

"ರೋಗಿನೇ ಇಲ್ಲ ಅಂದ್ಮೇಲೆ ವಾಪಸ್ ಕಳಿಸಬೇಕಮ್ಮ" ಎಂದ ಆಸ್ಪತ್ರೆಯ ಗುಮಾಸ್ತ, ಕಾಗದದಿಂದ ಕಣ್ಣೆತ್ತದೆ.

ಈಲಿಯಕ್ಕ ಔಷಧಿ ಕೊಡುವ ಕಿಟಕಿ ಬಿಟ್ಟು ಕದಲಲಿಲ್ಲ. ಅವಳ ಬೆನ್ನಿಗೇ ಸುಲಿಯುವ ಮುದುಕ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಮಗುವಿನ ಕಣ್ಣು ಹಳದಿಯಾಗಿತ್ತು.

"ರೋಗಿ ಇಲ್ಲ ಅಂದವರ್ಯಾರು? ಕತ್ತೆತ್ತಿ ನೋಡಯ್ಯ" ಎಂದಳು. "ಬಾಗಿಲ ತನಕ ನಿಂತಿದ್ದಾರೆ."