ಒಬ್ಬಾಕೆಯಲ್ಲಿ ಮೂವರು

ಕೇದಾರನಿಗೆ ಅಣುಶಕ್ತಿಯ ಬಗ್ಗೆ ಗೊತ್ತಿದ್ದುದು ಕಡಿಮೆ. ತನ್ನ ಬಗ್ಗೆ ಇದ್ದ ಅಭಿಪ್ರಾಯ ಮಾತ್ರ ಬಲು ದೊಡ್ಡದು. ೨೦೦೪ರಲ್ಲಿ ಅವನು ಪುಣೆಯಲ್ಲಿ ಕೂತು, ಅಣು ವಿದ್ಯುತ್ತಿನಿಂದ ಆರೋಗ್ಯಕ್ಕಾಗುವ ಅಪಾಯಗಳ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದ. ಆರು ಜನ ತಜ್ಞರ ಚಿತ್ರೀಕರಣ ಮುಗಿದಿತ್ತು. ಆರೂ ಗಂಡಸರು, ಆರೂ ಪುಸ್ತಕದ ಕಪಾಟಿನ ಮುಂದೆ ಕೂತವರು. ಅಷ್ಟರಲ್ಲಿ, ಚಿತ್ರಕ್ಕೆ ನೆರವು ಕೊಟ್ಟ ವಿದೇಶಿ ಸಂಸ್ಥೆ ಎಲ್ಲ ವರ್ಗಗಳಿಗೂ ಪ್ರಾತಿನಿಧ್ಯ ಇರಬೇಕೆಂದು ಪತ್ರ ಬರೆಯಿತು.

ಕೇದಾರ ಮಂಜರಿಗೆ ಫೋನು ಮಾಡಿದ. ಧಾರವಾಡ ಕಡೆಯ ಮಂಜರಿ ಪುಣೆಯ ವಿಮಾ ಕಚೇರಿಯೊಂದರಲ್ಲಿದ್ದಳು. ಬಿಡುವಿನಲ್ಲಿ ಕನ್ನಡ, ಮರಾಠಿ ಅನುವಾದ ಮಾಡುತ್ತಿದ್ದಳು.

“ಒಬ್ಬ ಕಾರ್ಮಿಕ ಹೆಂಗಸು ಬೇಕು. ಕನ್ನಡದವಳಾದರೂ ನಡೆಯುತ್ತದೆ,” ಎಂದ.

ಮಂಜರಿ ಅವನನ್ನು ಪುಣೆಯದೇ ಯೆರವಡಾಕ್ಕೆ, ರಂಗೂಬಾಯಿಯ ಮಗಳ ಮನೆಗೆ ಕರೆದೊಯ್ದಳು. ರಂಗೂಬಾಯಿ ದೂರದ ಒಂದು ಅಣು ಸ್ಥಾವರದಲ್ಲಿ ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ಕೆಲಸಗಾರರ ಬಟ್ಟೆ ಒಗೆದವಳು. ಕುತ್ತಿಗೆಯ ಗಂಟು ತೆಗೆಸಿ ಎರಡು ವರ್ಷವಾಗಿತ್ತು. ಗಂಜಿ ಹಾಕಿದ ಹೊಸ ಸೀರೆ ಉಟ್ಟು ಕಾಯುತ್ತಿದ್ದವಳನ್ನು ಕಂಡು ಕೇದಾರನ ಮುಖ ಸಣ್ಣದಾಯಿತು. ಹಳೆಯ ಸೀರೆ ಇಲ್ಲವೇ ಎಂದು ಮಂಜರಿಯಿಂದ ಕೇಳಿಸಿದ.

“ಅದಾವ್ರಿ,” ಎಂದಳು ರಂಗೂಬಾಯಿ. “ನೆಲಾ ಒರಸ್ಲಿಕ್ಕೆ ಇಟ್ಟೇನಿ.”

ಆಮೇಲೆ ಎರಡು ಗಂಟೆ ಮಾತಾಡಿದಳು. “ಎದೀಗೆ ಒಂದು ಬಿಲ್ಲೆ ಹಚ್ಚತಿದ್ರು. ಮೈಗೆ ವಿಕಿರಣ ಎಷ್ಟು ತಾಗೇದ ಅಂತ ಅದರಾಗ ಮೂಡತದಂತ. ತಿಂಗಳಿಗೊಮ್ಮೆ ಒಯ್ಯತಿದ್ರು, ಏನು ಮೂಡಿತ್ತಂತ ಒಮ್ಮೆನೂ ಹೇಳಲಿಲ್ಲ. ಗಂಟು ಅದರಿಂದನ ಬಂತು ಅಂತ ನಾ ಅನ್ನೂದಿಲ್ರಿ. ನನಗ ಗೊತ್ತಿಲ್ಲ. ಬರದಿಟ್ಟದ್ದು ತೋರಸ್ರಿ ಅಂತ ಕೇಳಾಕತ್ತೀನಿ, ಅಷ್ಟ.” ಜೊತೆಗೆ ಒಗೆಯುತ್ತಿದ್ದ ಹದಿಮೂರು ಹೆಂಗಸರ ಹೆಸರು, ಯಾರಿಗೆ ಏನಾಯಿತು ಎಂಬುದನ್ನು ಒಂದೊಂದಾಗಿ ಹೇಳಿದಳು.

ಕೇದಾರ ಎರಡು ಸಲ ಆಕಳಿಸಿದ. ಕೊನೆಗೆ, “ಸ್ವಲ್ಪ ಕೆಮ್ಮಲು ಹೇಳಿ,” ಎಂದ.

“ನನಗ ಕೆಮ್ಮಿಲ್ಲ,” ಎಂದಳು ರಂಗೂಬಾಯಿ. ಅವನು ಅವಳನ್ನು ನಳದ ಹತ್ತಿರ ಕೂರಿಸಿ, ಪಾತ್ರೆ ತಿಕ್ಕುವುದನ್ನು ಚಿತ್ರೀಕರಿಸಿಕೊಂಡು ಹೋದ.

ಪ್ರದರ್ಶನಕ್ಕೆ ಮಂಜರಿ ಅವಳನ್ನು ರಿಕ್ಷಾದಲ್ಲಿ ಕರೆತಂದಳು. ಒಂದು ಗಂಟೆಯ ಚಿತ್ರದಲ್ಲಿ ರಂಗೂಬಾಯಿ ಇದ್ದದ್ದು ಒಂಬತ್ತು ಸೆಕೆಂಡು, ನಳದ ಮುಂದೆ. ಕೆಳಗೆ ‘ಒಬ್ಬ ಸಂತ್ರಸ್ತೆ’ ಎಂಬ ಅಕ್ಷರ. ಮೇಲೆ ತಜ್ಞನೊಬ್ಬನ ದನಿ: ಈ ಬಡ ಹೆಂಗಸರಿಗೆ ವಿಕಿರಣ ಎಂದರೇನೆಂದೇ ತಿಳಿಯದು.

ಕೆಲಸಗಾರರ ಮಾತು ಏಕಿಲ್ಲ ಎಂದು ಸಭಿಕರೊಬ್ಬರು ಕೇಳಿದರು. ಕೇದಾರ ನಕ್ಕ. “ಮಹಿಳೆ, ದಲಿತೆ, ಕಾರ್ಮಿಕೆ. ಮೂರೂ ವರ್ಗಕ್ಕೆ ಪ್ರಾತಿನಿಧ್ಯ ಕೊಟ್ಟಿದ್ದೇವೆ. ಆ ಒಂದೇ ದೃಶ್ಯದಲ್ಲಿ.” ಕೆಲವರು ಚಪ್ಪಾಳೆ ತಟ್ಟಿದರು, ಅಂಥ ಸಭೆಗಳಲ್ಲಿ ಯಾವುದಕ್ಕಾದರೂ ತಟ್ಟುತ್ತಾರೆ.

ಮಂಜರಿ ತಜ್ಞನ ಮಾತನ್ನೂ ಇದನ್ನೂ ಕನ್ನಡದಲ್ಲಿ ರಂಗೂಬಾಯಿಯ ಕಿವಿಯಲ್ಲಿ ಹೇಳಿದಳು. ರಂಗೂಬಾಯಿ ಎದ್ದು ನಿಂತಳು. “ಹೇಳವ್ವಾ ಇವರಿಗೆ. ನನ್ನ ಮೂರು ಮಂದಿ ಮಾಡ್ಯಾರ, ಒಬ್ಬಾಕಿಗರ ಮಾತಾಡ್ಲಿಕ್ಕೆ ಬಿಡಬೇಕಿತ್ತು. ವಿಕಿರಣ ಅಂದ್ರ ಏನಂತ ನನಗ ಗೊತ್ತದ. ಈ ಸಾಹೇಬ್ರಿಗೆ ನನ್ನ ಹೆಸರು ಗೊತ್ತಿಲ್ಲ.” ತನ್ನ ಹೆಸರು ಹೇಳಿ, ಹದಿಮೂರು ಹೆಸರನ್ನೂ ಹೇಳಿದಳು. ಮಂಜರಿ ಒಂದೊಂದನ್ನೂ ಮೈಕಿನಲ್ಲಿ ಹೇಳಿದಳು. ಚಹಾ ಆರುತ್ತಿದೆ ಎಂದ ಕೇದಾರ.

ಮರುದಿನ ಮಂಜರಿ ಅವನ ಕಚೇರಿಗೆ ಹೋಗಿ ಆ ಎರಡು ಗಂಟೆಯ ಟೇಪು ಕೊಡಿ ಎಂದು ಕೇಳಿದಳು. ಕಸದ ಡಬ್ಬಿಗೆ ಹೋಗಬೇಕಾದದ್ದು, ಒಯ್ಯಿರಿ ಎಂದ ಅವನು. ಅವಳು ಅದರಲ್ಲಿದ್ದ ಮಾತನ್ನು ಅಕ್ಷರಶಃ ಬರೆದಿಳಿಸಿದಳು. ರಂಗೂಬಾಯಿ ಊರಿಗೆ ಹೋಗಿ, ಬದುಕಿದ್ದ ಒಂಬತ್ತು ಹೆಂಗಸರ ಹೆಬ್ಬೆಟ್ಟು ಹಾಕಿಸಿ, ಬಿಲ್ಲೆಯ ದಾಖಲೆ ಕೊಡಿ ಎಂಬ ಅರ್ಜಿಯೊಡನೆ ಅದನ್ನು ಸ್ಥಾವರಕ್ಕೆ ಕಳಿಸಿದಳು. ನಾಲ್ಕು ಸಲ ನೆನಪೋಲೆ ಹೋದ ಮೇಲೆ ದಾಖಲೆಗಳು ಬಂದವು. ಅಷ್ಟರಲ್ಲಿ ಕೇದಾರನ ಚಿತ್ರಕ್ಕೆ ಸಾಮಾಜಿಕ ಕಳಕಳಿಯ ಬಹುಮಾನ ಬಂದಿತ್ತು.

ರಂಗೂಬಾಯಿಯ ಹಾಳೆಯಲ್ಲಿ ಏಳು ತಿಂಗಳ ಅಂಕಿಯ ಜಾಗ ಖಾಲಿ ಇತ್ತು.

“ಆ ಏಳು ತಿಂಗಳು ನಾ ಒಂದು ದಿನಾನೂ ರಜಾ ಹಾಕಿಲ್ಲ,” ಎಂದಳು ಅವಳು. “ಇನ್ನೊಂದು ಕಾಗದ ಬರೀ, ಮಂಜರೀ.”

ಮಂಜರಿ ಪೆನ್ನು ತೆಗೆದಳು.