ಬಲಗಡೆಯ ಕಾಲು ಭಾಗ

ಇದು ನಡೆದದ್ದೇ. ಕಾನೂನು ಕಲಿಸುವವರ ಕಥೆಯಾದ್ದರಿಂದ ಪ್ರಮಾಣ ಮಾಡಿ ಹೇಳಬೇಕಿತ್ತು. ಆದರೆ ಪ್ರಮಾಣ ಮಾಡಿದವರೆಲ್ಲ ನಿಜ ಹೇಳುವ ಹಾಗಿದ್ದರೆ ವಕೀಲರು ಇಷ್ಟು ಹೊತ್ತಿಗೆ ಭತ್ತ ನಾಟಿ ಮಾಡುತ್ತಿದ್ದರು.

ಸಿಂಧನೂರಿನ ಒಂದು ಕಾನೂನು ಕಾಲೇಜು. ಸೋಮವಾರ ಬೆಳಿಗ್ಗೆ ಅಧ್ಯಾಪಕ ಶಿವಕಾಂತ ಸ್ಟಾಫ್ ರೂಮಿನಲ್ಲಿ ವಾರ್ಷಿಕ ಸಾಧನೆಯ ಫಾರ್ಮು ತುಂಬುತ್ತಿದ್ದ. ಪ್ರಬಂಧಗಳು ಇಪ್ಪತ್ತೇಳು, ಪ್ರಮಾಣಪತ್ರಗಳು ನಲವತ್ಮೂರು. ಡಿಜಿಟಲ್ ಸಾಕ್ಷ್ಯದ ಮೇಲೆ ಬರೆದ ಮೂರು ಪ್ರಬಂಧಗಳಿಗೆ ಅವನು ಬೇರೆ ಬಣ್ಣದ ಪೆನ್ನು ಬಳಸಿದ. ‘ಸಮಾಜದೊಂದಿಗೆ ಒಡನಾಟ’ ಎಂಬ ಅಂಕಣಕ್ಕೆ ಫೋಟೊ ಬೇಕಿತ್ತು. ಸ್ಥಳ, ದಿನಾಂಕ, ಗಂಟೆ, ನಿಮಿಷ ಎಲ್ಲ ಚಿತ್ರದ ಮೇಲೆಯೇ ಅಚ್ಚಾಗಿರಬೇಕೆಂಬುದು ಮೌಲ್ಯಮಾಪನ ಸಮಿತಿಯ ನಿಯಮ. ಶಿವಕಾಂತ ತಾನೇ ಪತ್ರಿಕೆಗೆ ಕಳಿಸಿ, ಅಲ್ಲಿ ಅಚ್ಚಾಗಿದ್ದ ಚಿತ್ರಕ್ಕೆ ಗೋಂದು ಹಚ್ಚಿದ. ಬ್ಯಾನರಿನ ಕೆಳಗೆ ಅಧ್ಯಾಪಕರು ನಗುತ್ತಿದ್ದರು. ಹನ್ನೊಂದು ಗಂಟೆ ನಲವತ್ತೆರಡು ನಿಮಿಷ.

“ಸರ, ಬಲಗಡೆ ಕಾಲು ಭಾಗ ಎಲ್ಲಿ ಹೋತ್ರಿ?”

ಕೇಳಿದವಳು ಸಹೋದ್ಯೋಗಿ ಸಂಘಮಿತ್ರಾ. ಅವಳ ಮೊಣಕೈಗೆ ಇನ್ನೂ ಬ್ಯಾಂಡೇಜಿತ್ತು.

ಬಲಗಡೆ ಏನಿತ್ತೆಂಬುದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ಗುರುವಾರ ಮಸ್ಕಿಯ ಆಚೆಯ ಒಂದು ಹಳ್ಳಿಯಲ್ಲಿ ಕೂಲಿಕಾರರಿಗೆ ಕಾನೂನು ಅರಿವು ಶಿಬಿರ. ಯಾವ ಊರಿಗೆ ಹೋದರೂ ಅಲ್ಲಿನ ಹಿರಿಯನನ್ನೇ ಅಧ್ಯಕ್ಷನನ್ನಾಗಿ ಕೂರಿಸುವುದು ಕಾಲೇಜಿನ ಪದ್ಧತಿ. ಹಾಗಾಗಿ ಕೂಲಿಯವರ ಹಕ್ಕುಗಳ ಶಿಬಿರ ಅವರಿಗೆ ಕೂಲಿ ಕೊಡುವ ಆದೆಪ್ಪ ಸಾಹುಕಾರನ ಅಂಗಳದಲ್ಲೇ, ಅವನದೇ ಅಧ್ಯಕ್ಷತೆಯಲ್ಲಿ ನಡೆಯಿತು. ಕುರ್ಚಿಯ ಮೇಲೆ ಅಧ್ಯಕ್ಷರು, ನೆಲದ ಮೇಲೆ ಹಕ್ಕುದಾರರು. “ಹೆದರದೆ ಪ್ರಶ್ನೆ ಕೇಳಿ” ಎಂದು ಶಿವಕಾಂತ ಭಾಷಣ ಮುಗಿಸಿದ್ದ.

ಆದೆಪ್ಪನ ಟ್ರಾಕ್ಟರ್ ಓಡಿಸುವ ಅಂಬಪ್ಪ ಎದ್ದುನಿಂತ. ಊರಲ್ಲಿ ಯಾರ ದನಿಯನ್ನಾದರೂ ತೆಗೆಯಬಲ್ಲವನು. “ಸರ, ಸಾವ್ಕಾರ್ರು ಹಿಂಗಂದ್ರ ಯಾವ ಕಾಯ್ದೆ ಹತ್ತತೈತ್ರಿ?” ಎಂದವನೇ ಹೊಟ್ಟೆ ಮುಂದೆ ಮಾಡಿ, ಒಂದು ಹುಬ್ಬು ಏರಿಸಿ, ಮೂಗಿನಿಂದ ಆದೆಪ್ಪನ ದನಿ ಹೊರಡಿಸಿದ: “ಲೇ ಅಂಬ್ಯಾ, ಕೂಲಿ ಕೇಳಾಕ ಬಂದಿಯೇನ್ಲೇ? ಮೈ ತುರಸಾಕತ್ತೈತೇನು?” ಅಂಗಳಕ್ಕೆ ಅಂಗಳವೇ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಆದೆಪ್ಪನ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡಳು.

ಆದೆಪ್ಪ ಆಗ ಕುರ್ಚಿ ಬಿಟ್ಟು ಕದಲಲಿಲ್ಲ. ಅಧ್ಯಾಪಕರು ಫೋಟೊಗೆ ಸಾಲಾಗಿ ನಿಂತಾಗ ಎದ್ದ. ಕೂತಿದ್ದ ಕಬ್ಬಿಣದ ಕುರ್ಚಿಯನ್ನೇ ಮಡಚಿ ಬೀಸಿದ. ಅಂಬಪ್ಪನ ದವಡೆ ಮುರಿದ ಸದ್ದು ಒಣಗಟ್ಟಿಗೆ ಮುರಿದಂತೆ ಕೇಳಿಸಿತು. ನೆಲಕ್ಕೆ ಬಿದ್ದವನ ಬಾಯಿಗೆ ಚಪ್ಪಲಿಗಾಲಿನಿಂದ ಒದ್ದ. ಮತ್ತೆ ಕುರ್ಚಿ ಎತ್ತಿದ. ಬಿಡಿಸಲು ಓಡಿದ ಸಂಘಮಿತ್ರಾಳನ್ನು ಕಲ್ಲಿನ ಮೇಲೆ ನೂಕಿದ. ಶಿವಕಾಂತನ ಫೋನು ಕಾಲೇಜು ವ್ಯಾನಿನ ಡ್ರೈವರನ ಕೈಯಲ್ಲಿತ್ತು. ಅದು ಕ್ಲಿಕ್ ಎನ್ನುವವರೆಗೆ ಶಿವಕಾಂತ ನಗುವನ್ನು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಎಲ್ಲರಿಗಿಂತ ಮೊದಲು ವ್ಯಾನು ಹತ್ತಿದ.

“ಈ ವರ್ಷ ನನ್ನ ಬಡ್ತಿ ಐತಿ ಮೇಡಂ,” ಎಂದ ಈಗ. “ಆಡಳಿತ ಮಂಡಳಿಯವರಿಗೆ ಆ ಮನುಷ್ಯ ಬೀಗ. ಎದುರು ಹಾಕ್ಕೊಂಡ್ರ ನಾಳೆ ಯಾವ ಊರಾಗ ಶಿಬಿರ ಮಾಡೂದು?”

“ಒಂದು ಶಿಬಿರಕ್ಕ ಒಂದು ದವಡಿ ಹೋತು. ಇನ್ನೂ ಎಷ್ಟು ಮಾಡ್ಬೇಕಂತೀರಿ?”

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಅಂಬಪ್ಪನ ಹೆಂಡತಿ ಬಸ್ಸಮ್ಮ. ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ, ಫಾರ್ಮಿನ ಮೇಲೆ ನಾಲ್ಕು ಹಲ್ಲುಗಳನ್ನಿಟ್ಟಳು. ಒಂದಕ್ಕೆ ಇನ್ನೂ ಒಸಡಿನ ಚೂರು ಅಂಟಿತ್ತು.

“ಐದು ಹೋಗ್ಯಾವ್ರಿ. ಒಂದು ಸಿಗಲಿಲ್ಲ.” ಅವಳು ಪತ್ರಿಕೆಯ ಚಿತ್ರವನ್ನು ನೋಡಿದಳು. “ಇದನ್ನ ಸಾವ್ಕಾರ ಠಾಣ್ಯಾಗ ತೋರಿಸ್ಯಾನ್ರಿ. ‘ಫೋಟೊ ಹೊಡೆಯೋ ಹೊತ್ತಿಗೆ ಬಡದ ಅಂತಾಳಲ್ಲ, ಟೈಮ್ ನೋಡ್ರಿ, ಕಾನೂನಿನ ಸರ ನಗಾಕತ್ತಾರ, ಜಗಳ ಎಲ್ಲೈತಿ?’ ಅಂದ. ಕುಡಿದು ಟ್ರಾಕ್ಟರ್ ಮ್ಯಾಲಿಂದ ಬಿದ್ದಾನಂತ ಬರಕೊಂಡಾರ. ಸಾವ್ಕಾರಗ ಏನಾದ್ರೂ ಆಗ್ಲಿ ಬಿಡ್ಲಿ ಸರ, ಆ ಸುಳ್ಳು ಅಳಿಸ್ರಿ. ನನ್ನ ಗಂಡ ಕುಡಿಯೂದಿಲ್ಲ. ಆ ಹೆಸರು ಬಂದ್ರ ಅವಗ ಇನ್ನ ಯಾರು ಗಾಡಿ ಕೊಡ್ತಾರ?”

ಶಿವಕಾಂತ ಫಾರ್ಮಿನ ಮೇಲಿನ ಹಲ್ಲುಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ ಫೋನಿನಲ್ಲಿ ಮೂಲ ಚಿತ್ರ ತೆರೆದ. ಅವನ ನಗುಮುಖದ ಬಲಕ್ಕೆ, ಕಿವಿಯ ಪಕ್ಕದಲ್ಲೇ, ಕುರ್ಚಿ ಗಾಳಿಯಲ್ಲಿತ್ತು. ಅದರ ಕೆಳಗೆ ಕೈ ಅಡ್ಡ ಹಿಡಿದ ಅಂಬಪ್ಪ.

ಫೋನಿನ ಚಿತ್ರ ಕೋರ್ಟಿನಲ್ಲಿ ನಿಲ್ಲಬೇಕಾದರೆ ಅದರ ಒಡೆಯ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಈ ಮಾತನ್ನು ಮೂರು ಪ್ರಬಂಧಗಳಲ್ಲಿ ಬರೆದವನು ಅವನೇ. ನಲವತ್ಮೂರು ಪ್ರಮಾಣಪತ್ರ ಪಡೆದವನು ಅವತ್ತು ಮೊದಲ ಸಲ ಒಂದನ್ನು ಕೊಟ್ಟ. ಹಲ್ಲುಗಳನ್ನು ಕಾಗದದಲ್ಲಿ ಸುತ್ತಿ ಬಸ್ಸಮ್ಮನ ಕೈಗಿಟ್ಟು, ಮಸ್ಕಿಯ ಠಾಣೆಗೆ ಹೋಗಿ ಚಿತ್ರದ ಪ್ರತಿ, ಹೇಳಿಕೆ ಎರಡನ್ನೂ ಒಪ್ಪಿಸಿದ.

ವಾಪಸು ಬರುವ ದಾರಿಯಲ್ಲಿ, ಕಾಲುವೆಯ ಸೇತುವೆ ಹತ್ತಿರ, ಜೀಪೊಂದು ಅವನ ಬೈಕಿಗೆ ಅಡ್ಡ ನಿಂತಿತು. ಆದೆಪ್ಪ ಇಳಿದ. ಹಿಂದೆ ಇಬ್ಬರು, ಕೈಯಲ್ಲಿ ಪಂಪ್‌ಸೆಟ್ಟಿನ ಪೈಪು.

“ಮಾಸ್ತರ, ನಮ್ಮನಿ ಅಂಗಳದಾಗ, ನನ್ನ ಹೇಂತಿ ಮುಂದ, ನನ್ನ ಅನ್ನ ತಿನ್ನಾವ ನನ್ನಂಗ ಕುಣದಾನ. ನಮ್ಮಪ್ಪ ಇದ್ದಿದ್ರ ಅವನ್ನ ಅಲ್ಲೇ ಹುಗೀತಿದ್ದ. ನಾ ಬರೇ ಹಲ್ಲು ಉದುರಿಸೀನಿ. ಹೇಳಿಕಿ ವಾಪಸ್ ತಗೋ.”

“ಆಗೂದಿಲ್ಲ” ಎನ್ನುವಾಗ ಶಿವಕಾಂತನ ದನಿ ಎಳೆಗರುವಿನಂತೆ ಸಣ್ಣಗಾಗಿತ್ತು. ಆದರೂ ಅಂದ.

ಮೊದಲ ಏಟಿಗೆ ಹೆಗಲ ಮೂಳೆ ಹೋಯಿತು. ಎರಡನೆಯದಕ್ಕೆ ಅವನು ಭತ್ತದ ಕೆಸರಿಗೆ ಬಿದ್ದ. ಪಕ್ಕೆಗೆ ಎಷ್ಟು ಬಿದ್ದವೆಂದು ಎಣಿಸುವ ಸ್ಥಿತಿಯಲ್ಲಿರಲಿಲ್ಲ. ಎರಡು ಪಕ್ಕೆಲುಬು ಮುರಿದಿವೆ ಎಂದು ಆಮೇಲೆ ಎಕ್ಸ್‌ರೇ ಹೇಳಿತು. ಬಾಯಿ ತುಂಬ ಕೆಸರು, ರಕ್ತ. ಅವನ ಫೋನನ್ನು ಕಲ್ಲಿನ ಮೇಲಿಟ್ಟು ಪುಡಿ ಮಾಡಿದರು. ಚಿತ್ರ ಮಾತ್ರ ಅಷ್ಟರಲ್ಲಿ ಠಾಣೆಯ ಲಕೋಟೆಯಲ್ಲಿ ಅರಗಿನ ಮುದ್ರೆ ಹಾಕಿಸಿಕೊಂಡು ಕೂತಿತ್ತು.

ಎಂಟು ತಿಂಗಳ ನಂತರ ಲಿಂಗಸುಗೂರಿನ ಕೋರ್ಟಿನಲ್ಲಿ ಸಾಕ್ಷಿ ಕಟ್ಟೆ ಹತ್ತಿದಾಗ ಅವನ ಒಂದು ಹೆಗಲು ಇನ್ನೂ ಇಳಿಬಿದ್ದಿತ್ತು. ಆದೆಪ್ಪನ ವಕೀಲ ಅವನದೇ ಹಳೆಯ ವಿದ್ಯಾರ್ಥಿ.

“ಸರ್, ಪತ್ರಿಕೆಗೆ ಕೊಟ್ಟ ಚಿತ್ರವನ್ನು ಕತ್ತರಿಸಿದವರು ಯಾರು?”

ಹಿಂದಿನ ಬೆಂಚಿನಲ್ಲಿ ಸಂಘಮಿತ್ರಾಳ ಜೊತೆ ಅವನ ವಿದ್ಯಾರ್ಥಿಗಳು ಕಿಕ್ಕಿರಿದು ಕೂತಿದ್ದರು.

“ನಾನೇ.”

“ಯಾಕೆ?”

“ಹೆದರಿ. ಆ ಮನುಷ್ಯ ಕೆಳಗೆ ಬಿದ್ದು ಒದ್ದಾಡುವಾಗ ನಾನು ನಗುತ್ತಿದ್ದೆ. ಅದು ಯಾರಿಗೂ ಕಾಣಬಾರದಿತ್ತು. ಅವನು ಕುಡಿದಿರಲಿಲ್ಲ, ಬಿದ್ದಿರಲಿಲ್ಲ. ಆದೆಪ್ಪ ಹೊಡೆದದ್ದನ್ನು ನಾನು ಕಣ್ಣಾರೆ ಕಂಡೆ.”

ನ್ಯಾಯಾಧೀಶರು ಪ್ರತಿ ಮಾತನ್ನೂ ಬರೆಸಿಕೊಂಡರು. ಮೂಲೆಯಲ್ಲಿ ಗಂಡನ ಪಕ್ಕ ಕೂತಿದ್ದ ಬಸ್ಸಮ್ಮ ಕಣ್ಣೊರೆಸಿಕೊಂಡಳು.

ಊಟದ ವಿರಾಮಕ್ಕೆ ಎಲ್ಲರೂ ಹೊರಗೆ ಬೇವಿನ ಮರದ ಕೆಳಗಿನ ಚಹಾದಂಗಡಿಗೆ ಬಂದರು. ಶಿವಕಾಂತ ಇನ್ನೇನು ಮೊದಲ ಗುಟುಕು ಹೀರಬೇಕು, ಕೋರ್ಟಿನ ಜವಾನನ ಎಳೆದ ಕೂಗು ಕೇಳಿಸಿತು: “ಸಾಕ್ಷಿ ಶಿವಕಾಂತಾ… ಶಿವಕಾಂತಾ… ಶಿವಕಾಂತಾ…”

ಅವನು ಗ್ಲಾಸಿನ ಸಮೇತ ಓಡಿದ. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು. ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು. ನೇರ ಸಾಕ್ಷಿ ಕಟ್ಟೆ ಹತ್ತಿ, ಖಾಲಿ ಪೀಠಕ್ಕೆ ತಲೆಬಾಗಿ, “ಬಂದೆ ಸ್ವಾಮಿ!” ಎಂದ. ಮೂಲೆಯಲ್ಲಿ ರೊಟ್ಟಿ ಮುರಿಯುತ್ತಿದ್ದ ಜವಾನ ತಲೆ ಎತ್ತಿದ. “ಊಟದ ಹೊತ್ತು ಸರ. ಯಾರು ಕರದಾರ?”

ಶಿವಕಾಂತ ಹೊರಗೆ ಬಂದ. ಮರದ ಕೆಳಗೆ ಅಂಬಪ್ಪ ನಿಂತಿದ್ದ, ಎರಡೂ ಅಂಗೈ ಇನ್ನೂ ಬಾಯಿಯ ಸುತ್ತ. ಒಂದಿಬ್ಬರು ವಿದ್ಯಾರ್ಥಿಗಳು ಕಿಸಕ್ಕೆಂದವರು ಸುಮ್ಮನಾದರು. ಬಸ್ಸಮ್ಮನ ಮುಖ ಬಿಳಿಚಿತು. “ಮತ್ತ ಮಾಡಿದೆಲ್ಲೋ ಮಾರಾಯಾ,” ಎಂದಳು. ಸಂಘಮಿತ್ರಾ ಒಂದು ಹೆಜ್ಜೆ ಮುಂದೆ ಬಂದಳು. ಅಂಬಪ್ಪನ ಕೈ ತಾನಾಗಿ ದವಡೆಯನ್ನು ಮುಚ್ಚಿಕೊಂಡಿತು.

ಶಿವಕಾಂತ ತನ್ನ ಅಂಗಿ ನೋಡಿಕೊಂಡ, ಬರಿಗಾಲು ನೋಡಿಕೊಂಡ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತ. ಹೊಟ್ಟೆಯಿಂದೆದ್ದ ನಗು ಕೂಡಿಕೊಂಡ ಪಕ್ಕೆಲುಬುಗಳನ್ನು ಮತ್ತೆ ಮುರಿಯುವ ಹಾಗೆ ಬಂತು. ಪಕ್ಕೆ ಒತ್ತಿ ಹಿಡಿದುಕೊಂಡು, “ಯಪ್ಪಾ ಸತ್ತೆ… ಖಾಲಿ ಕುರ್ಚಿಗೆ ಕೈ ಮುಗಿದೀನಲೇ!” ಎಂದು ಕೂಗಿದ. ಆಗ ಉಳಿದವರಿಗೂ ನಗು ಬಂತು, ಬಸ್ಸಮ್ಮನಿಗೂ. ಆದರೆ ಶಿವಕಾಂತನ ನಗುವೇ ಎಲ್ಲಕ್ಕಿಂತ ಜೋರಾಗಿತ್ತು, ರೊಟ್ಟಿ ಬಿಟ್ಟು ಹೊರಗೆ ಬಂದ ಜವಾನ “ಸೈಲೆನ್ಸ್!” ಎಂದು ಮೂರು ಸಲ ಕೂಗಿದರೂ ಅದು ನಿಲ್ಲಲಿಲ್ಲ.