ಮ್ಯಾನೇಜರ್ ಎರಡು

ಚಳಿಗಾಲ ಮುಗಿಯುತ್ತ ಬಂದಿತ್ತು, ಬೆಳಗಿನ ಏಳರ ಹೊತ್ತು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದ ಭಾವಮೈದುನ ತಲೆ ಎತ್ತದೆ ಕೇಳಿದ: "ಭಾವ, ಈ 'ಮ್ಯಾನೇಜರ್ ಎರಡು' ಅಂದ್ರೆ ಯಾರು? ಒಂದನೇ ಮ್ಯಾನೇಜರ್ ಕೆಲಸ ಬಿಟ್ಟು ಹೋದ್ನಾ?"

ಒಲೆಯ ಮುಂದಿದ್ದ ಅವನ ಅಕ್ಕ ನಕ್ಕಳು. ಅವಳ ಗಂಡ ನಗಲಿಲ್ಲ. ಆ ಹೆಸರಿಟ್ಟವನು ಅವನೇ.

ಪರದೆಯ ಮೇಲಿದ್ದದ್ದು, ಬಸ್ಸು ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಕೋಡು. ಹಗಲೆಲ್ಲ ಪ್ರೆಸ್ಸಿನಲ್ಲಿ ದುಡಿದು ಬಂದು, ಸಂಜೆ ಕೂತು ಬರೆದು, ಯಾರು ಬೇಕಾದರೂ ಪುಕ್ಕಟೆ ಬಳಸಿಕೊಳ್ಳಲಿ ಅಂತ ಅವನು ಇಂಟರ್ನೆಟ್ಟಿಗೆ ಬಿಟ್ಟಿದ್ದ ಲೈಬ್ರರಿ, ಬೇರೆಯವರ ಪ್ರೋಗ್ರಾಮುಗಳು ಎರವಲು ಪಡೆಯುವ ಕೋಡಿನ ಕಟ್ಟು. ಎಷ್ಟೋ ಊರುಗಳ ಬಸ್‌ಸ್ಟಾಪಿನ ಬೋರ್ಡುಗಳು ಅದನ್ನೇ ನಂಬಿಕೊಂಡಿದ್ದವು. ಅದರೊಳಗೆ ಒಂದೊಂದು ಕೆಲಸಕ್ಕೆ ಕ್ಲಾಸು ಅನ್ನುವ ಒಂದೊಂದು ಭಾಗ, ಮನೆಯಲ್ಲಿ ಕೋಣೆಗಳಿದ್ದ ಹಾಗೆ. ಕೋಣೆಗಳ ಬಾಗಿಲ ಮೇಲೆ ಮಾತ್ರ ತೋಚಿದ ಹೆಸರು ಬರೆದುಬಿಟ್ಟಿದ್ದ: ಮ್ಯಾನೇಜರ್, ಮ್ಯಾನೇಜರ್ ಎರಡು, ಹೆಲ್ಪರ್. ಒಳಗೆ ಏನಿದೆ ಅಂತ ಗೊತ್ತಾಗದವರು ಅವನನ್ನೇ ಕೇಳುತ್ತಿದ್ದರು. ಅವನು ಬೇಸರವಿಲ್ಲದೆ ಬಿಡಿಸಿ ಹೇಳುತ್ತಿದ್ದ. ಅವರು ಅವನನ್ನು ಯಜಮಾನರೇ ಅನ್ನುತ್ತಿದ್ದರು. ಪ್ರೆಸ್ಸಿನಲ್ಲಿ ಅವನನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲ.

ಭಾವಮೈದುನನಿಗೆ ಆಗ ಕೆಲಸವಿರಲಿಲ್ಲ, ಇನ್ನೊಂದು ಸಿಗುವವರೆಗೆ ಅಂತ ಅಕ್ಕನ ಮನೆಗೆ ಬಂದಿದ್ದ. ಸುಮ್ಮನೆ ಕೂರುವ ಜಾತಿಯಲ್ಲ. ಒಂದೊಂದೇ ಕ್ಲಾಸು ಓದುತ್ತ, "ಇದು ರಜಾ ದಿನದ ಬಸ್ ಲೆಕ್ಕ ತಾನೇ? 'ಹಾಲಿಡೇ ಟೈಮ್‌ಟೇಬಲ್' ಅನ್ನೋಣ. ಇದು ತಡವಾದ ಬಸ್ಸು, 'ಲೇಟ್ ಬಸ್'. ಮುಗೀತಲ್ಲ" ಅನ್ನುತ್ತಿದ್ದ. ಆ ಹೆಸರುಗಳನ್ನು ಲೈಬ್ರರಿಯ ಚರ್ಚೆಯ ಪುಟದಲ್ಲಿ ಹಾಕಿದ. ಎಲ್ಲೋ ದೂರದ ಡಿಪೋದ ಎಂಜಿನಿಯರಮ್ಮ ಒಬ್ಬರು, ಇಷ್ಟು ವರ್ಷದಲ್ಲಿ ಇದೇ ಮೊದಲ ಸಲ ಯಾರನ್ನೂ ಕೇಳದೆ ಅರ್ಥವಾಯಿತು ಅಂತ ಬರೆದರು. ಯಜಮಾನ ಆ ಸಾಲನ್ನು ಪ್ರೆಸ್ಸಿನಲ್ಲಿ ಓದಿದ, ದಾರಿಯಲ್ಲಿ ಓದಿದ, ಮನೆಗೆ ಬಂದು ಮತ್ತೆ ಓದಿದ.

"ಚಿಕ್ಕವನಿದ್ದಾಗ್ಲೂ ಹೀಗೇ," ಅಂದಳು ಹೆಂಡತಿ ರಾತ್ರಿ ಊಟ ಬಡಿಸುತ್ತ. "ಬೀದಿ ನಾಯಿಗೆಲ್ಲ ಹೆಸರಿಡೋನು. ಇವನು ಇಟ್ಟ ಹೆಸರಲ್ಲೇ ಬೀದಿಯೋರೆಲ್ಲ ಕರೀತಿದ್ರು."

"ನಾಯಿಗೆ ಇಡೋದು ಬೇರೆ," ಅಂದ ಗಂಡ.

"ಯಾಕ್ರೀ, ನಿಮ್ಮ ಮ್ಯಾನೇಜರ್‌ಗಿಂತ ನಾಯೇ ವಾಸಿ. ಕರೆದ್ರೆ ಬರ್ತಿತ್ತು."

ಅಕ್ಕ ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕರು. ತನ್ನ ಮಾತಿಗೆ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತು ಅಂತ ಗಂಡನಿಗೆ ನೆನಪಾಗಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದ.

ಭಾನುವಾರ ಸಂಜೆಗೆ ಹೊಸ ಹೆಸರುಗಳ ಕೋಡು ಸಿದ್ಧವಾಯಿತು. ಒಪ್ಪಿಗೆಯ ಗುಂಡಿ ಒತ್ತಬೇಕಾದವನು ಯಜಮಾನ. ಹೆಂಡತಿ ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದಳು.

"ಭಾವ, ಹಳೇ ಹೆಸರು ಪೂರ್ತಿ ತೆಗೆದುಬಿಟ್ಟಿದೀನಿ. ಎರಡೂ ಇದ್ರೆ ಗಲೀಜು ಅಲ್ವಾ? ಪರವಾಗಿಲ್ವಾ?"

ಪರವಾಗಿಲ್ಲ ಅನ್ನುವ ಹಾಗಿರಲಿಲ್ಲ. ಲೈಬ್ರರಿ ನಡೆಸುವವರಿಗೆಲ್ಲ ಗೊತ್ತಿರುವ ಸಂಗತಿ ಅದು. ಹೊಸ ಹೆಸರಿಟ್ಟ ಮೇಲೂ ಹಳೆಯದನ್ನು ಒಂದಷ್ಟು ಕಾಲ ಪಕ್ಕದಲ್ಲೇ ಉಳಿಸಬೇಕು. ಇಲ್ಲದಿದ್ದರೆ ಹಳೆಯ ಹೆಸರು ಹಿಡಿದು ಬಂದ ಪ್ರೋಗ್ರಾಮುಗಳೆಲ್ಲ ಬಾಗಿಲು ಕಾಣದೆ ಕುಸಿಯುತ್ತವೆ. ಬೇರೆಯವರಿಗೆ ಇದನ್ನು ಅವನೇ ಎಷ್ಟೋ ಸಲ ಹೇಳಿಕೊಟ್ಟಿದ್ದ. ಈಗ ಬಾಯಿವರೆಗೂ ಬಂತು.

"ನಿನ್ನಿಷ್ಟ," ಅಂದು ಗುಂಡಿ ಒತ್ತಿದ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಂಡತಿ ಬಸ್‌ಸ್ಟಾಪಿನಿಂದ ಫೋನ್ ಮಾಡಿದಳು. "ಬೋರ್ಡ್ ಸತ್ತುಹೋಗಿದೆ ರೀ. ಯಾವ ಬಸ್ಸು ಯಾವಾಗ ಅಂತ ಒಬ್ಬರಿಗೂ ಗೊತ್ತಿಲ್ಲ. ನಿಮ್ಮದೇನಾ?"

ಹೊಸ ಕೋಡು ಬಂದ ಕೂಡಲೇ ಅದನ್ನು ತಾವಾಗಿಯೇ ಎಳೆದುಕೊಳ್ಳುವ ಬೋರ್ಡುಗಳೆಲ್ಲ ಹಾಗೇ ಆಗಿದ್ದವು. ಚರ್ಚೆಯ ಪುಟದ ತುಂಬ ಬೈಗುಳ, ಎಲ್ಲವೂ ಭಾವಮೈದುನನ ಹೆಸರಿಗೆ. ನಿನ್ನೆ ಮೊನ್ನೆ ಬಂದವನ ಕೈಗೆ ಯಾಕೆ ಕೊಟ್ಟಿರಿ ಅಂತ ಒಬ್ಬ ಕೇಳಿದ್ದ. ಅದರ ಕೆಳಗೆ ಭಾವಮೈದುನ, ತಪ್ಪು ನನ್ನದು ಅಂತ ಬರೆದಿದ್ದ. ಯಜಮಾನ ಪ್ರೆಸ್ಸಿಗೆ ರಜೆ ಹಾಕಿ ಕೂತ. ಹಳೆಯ ಹೆಸರುಗಳನ್ನು ಹೊಸವುಗಳ ಪಕ್ಕ ಸೇರಿಸಿ ಬಿಟ್ಟ. ಆಮೇಲೆ ಸಂಜೆಯವರೆಗೂ ಒಬ್ಬೊಬ್ಬರಿಗೇ ಸಮಾಧಾನ ಹೇಳಿದ. ನೀವಿದ್ದದ್ದಕ್ಕೆ ಬದುಕಿದೆವು ಯಜಮಾನರೇ ಅಂದರು. ಕೈಕಾಲಿಗೆಲ್ಲ ಬೆಚ್ಚಗಾದ ಹಾಗಿತ್ತು.

ಹೆಂಡತಿ ಬಂದವಳು ಬ್ಯಾಗು ಕೆಳಗಿಡದೆ ಕೇಳಿದಳು. "ಸರಿ ಮಾಡೋಕೆ ಎಷ್ಟು ಹೊತ್ತಾಯ್ತು?"

"ಕಾಫಿ ಆರೋದ್ರೊಳಗೆ ಮುಗಿಸಿದೆ," ಅಂದ, ಸ್ವಲ್ಪ ಜಂಬದಿಂದಲೇ.

"ಅಂದ್ರೆ ಏನು ಮಾಡ್ಬೇಕು ಅಂತ ಮೊದಲೇ ಗೊತ್ತಿತ್ತು."

"ಗೊತ್ತಿತ್ತು. ಅವನು ಕೇಳ್ಲಿಲ್ಲವಲ್ಲ."

ಅವಳು ತಮ್ಮನ ಕಡೆ ನೋಡಿದಳು. ಅವನು ಕೋಣೆಯ ಬಾಗಿಲಲ್ಲಿ ನಿಂತು ಚಾರ್ಜರಿನ ವೈರಿನ ಗಂಟು ಬಿಡಿಸುತ್ತಿದ್ದ. ಕೇಳಿದ್ದೆ ಅನ್ನಲಿಲ್ಲ. ಗಂಟು ಬಿಟ್ಟ ಮೇಲೂ ಅದನ್ನೇ ನೋಡುತ್ತ ನಿಂತಿದ್ದ. ಅವಳು ಗಂಡನನ್ನು ಇನ್ನೇನೂ ಕೇಳಲಿಲ್ಲ. ಆ ಸಂಜೆ ಕೇಳಲಿಲ್ಲ, ಮಾರನೆಯ ದಿನವೂ ಕೇಳಲಿಲ್ಲ. ಅನ್ನ ಬಡಿಸಿದಳು, ಸಾಕಾ ಅನ್ನಲಿಲ್ಲ.

ಬುಧವಾರ ಬೆಳಿಗ್ಗೆ ಭಾವಮೈದುನ ಚೀಲ ಹೆಗಲಿಗೆ ಹಾಕಿಕೊಂಡ. "ಬರ್ತೀನಿ ಭಾವ. ಹೊಸ ಹೆಸರುಗಳನ್ನ ತೆಗೀಬೇಡಿ," ಅಂದ.

"ಇಲ್ಲ ಇಲ್ಲ," ಅಂದ ಯಜಮಾನ, ಪರದೆಯಿಂದ ಕಣ್ಣು ತೆಗೆಯದೆ.

"ಇವನನ್ನ ಬಸ್ ಹತ್ತಿಸಿ ಬರ್ತೀನಿ," ಅಂದಳು ಹೆಂಡತಿ. ಬಾಗಿಲ ಗೂಟದಿಂದ ದಪ್ಪನೆಯ ಶಾಲು ತೆಗೆದುಕೊಂಡಳು. ಬಿಸಿಲು ಆಗಲೇ ಏರಿತ್ತು.

ಅವತ್ತೂ ಯಜಮಾನ ಪ್ರೆಸ್ಸಿಗೆ ಹೋಗಲಿಲ್ಲ. ಮಧ್ಯಾಹ್ನದವರೆಗೂ ಯಾರೂ ಏನೂ ಕೇಳಿ ಬರೆಯಲಿಲ್ಲ. ಅವನು ಎದ್ದು ಅಡುಗೆಮನೆಗೆ ಹೋದ. ಒಲೆ ಒರೆಸಿತ್ತು, ಒಬ್ಬರಿಗಾಗುವಷ್ಟು ಅನ್ನ ಮುಚ್ಚಿಟ್ಟಿತ್ತು. ತಮ್ಮ ಹೊರಟದ್ದು ಬುಧವಾರ. ಅಕ್ಕ ಮನೆ ಬಿಟ್ಟು ಹೊರಟದ್ದೂ ಬುಧವಾರವೇ.